ಲೋಟದ ಗುರುತಿಗೆ ಒತ್ತಬೇಡಿ

ಬುಧವಾರ, ಮಧ್ಯಾಹ್ನ
ಜೂನ್ ೧೧

ಯಜಮಾನರಿಗೆ,

ಇಲ್ಲಿ ನಾನು, ಮಗಳು, ನಿಮ್ಮ ತಂಗಿ ಮೂವರೂ ಚೆನ್ನಾಗಿದ್ದೇವೆ. ನೀವು ಹೇಗಿದ್ದೀರಿ ಎಂದು ಕೇಳುವ ಅಗತ್ಯವನ್ನು ನಿಮ್ಮ ಕಾಗದವೇ ಉಳಿಸಿಲ್ಲ. ರಾಜಧಾನಿಯಲ್ಲಿ ಸಾಹೇಬರ ಆಫೀಸಿನಲ್ಲಿ ಕೆಲಸ, ಎರಡು ಕೋಣೆಯ ಕ್ವಾರ್ಟರ್ಸು, ಅಡುಗೆಮನೆಯೊಳಗೇ ನಲ್ಲಿ, ಕಿಟಕಿಗೆ ಪರದೆ. ಪರದೆಯ ಬಣ್ಣವನ್ನೂ ಬಿಡದೆ ಬರೆದಿದ್ದೀರಿ. ನಡೆದದ್ದು ನಡೆದುಹೋಯಿತು, ಮಗಳನ್ನು ಕರೆದುಕೊಂಡು ಬಂದುಬಿಡು, ಬರುವಾಗ ಇದರ ಜೊತೆಗಿಟ್ಟ ಹೇಳಿಕೆಗೆ ಸಹಿ ಹಾಕಿ ತಾ ಎಂದಿದ್ದೀರಿ. ಹೇಳಿಕೆ ಓದಿದೆ. ನಾನು ಸಂಸತ್ತಿನ ಚುನಾವಣೆಗೆ ನಿಂತದ್ದು ನನ್ನ ಸ್ವಂತ ಇಷ್ಟದಿಂದ, ಯಾರೂ ಹೇಳಿಕೊಟ್ಟದ್ದಲ್ಲ ಎಂದು ನಾನೇ ಒಪ್ಪಿಕೊಳ್ಳಬೇಕಂತೆ.

ನಡೆದದ್ದು ನಡೆದುಹೋಯಿತು ಅನ್ನುತ್ತೀರಲ್ಲ, ಏನು ನಡೆಯಿತು ಎಂದು ನಿಮಗೆ ಗೊತ್ತೇನು? ಪ್ರಚಾರದ ದಿನಗಳಲ್ಲೆಲ್ಲ ನೀವು ಸಾಹೇಬರ ವ್ಯಾನು ಓಡಿಸಿಕೊಂಡು ಕ್ಷೇತ್ರದ ಇನ್ನೊಂದು ತುದಿಯಲ್ಲಿದ್ದಿರಿ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ಪೂರ್ತಿ ಓದಿ. ಮದುವೆಯಾದಾಗಿನಿಂದ ನಿಮ್ಮನ್ನು 'ನೀವು' ಎಂದೇ ಕರೆದಿದ್ದೇನೆ, ಇಲ್ಲೂ ಹಾಗೇ ಬರೆಯುತ್ತೇನೆ. ಅದು ಕೈಗೆ ಅಂಟಿದ ರೂಢಿ. ಮರ್ಯಾದೆ ಎಂದು ತಿಳಿಯಬೇಡಿ.

ಆ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಟು ಚಪ್ಪಲಿ ಮೆಟ್ಟಿದ್ದೆ. ನೀವು ಒಂದು ಕಟ್ಟು ಕಾಗದ ತಂದು ಮೇಜಿನ ಮೇಲೆ ಹರಡಿ, "ಲಾಂಡ್ರಿ ಕೆಲ್ಸ ಪರ್ಮನೆಂಟ್ ಆಗತ್ತೆ ಕಣೇ. ಸಾಹೇಬ್ರೇ ಶಿಫಾರಸು ಬರೀತಾರಂತೆ. ಬೇಗ ಬೇಗ ಸೈನ್ ಹಾಕು" ಎಂದಿರಿ. ನೀವು ಬೆರಳಿಟ್ಟ ಕಡೆಯಲ್ಲೆಲ್ಲ ಹಾಕಿದೆ. ಓದಲು ಬಾರದವಳೇನಲ್ಲ ನಾನು. ಗಂಡ ತಂದ ಕಾಗದ, ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ. ಸಂಜೆ ಫೋಟೋ ಬೇಕೆಂದು ಸ್ಟುಡಿಯೋಗೆ ಕರೆದುಕೊಂಡು ಹೋದಿರಿ. ನಾನು ಬಿಗಿದುಕೊಂಡು ಕೂತಿದ್ದಕ್ಕೆ ಸ್ವಲ್ಪ ನಗು ಎಂದಿರಿ. ನಕ್ಕೆ. ಕೆಲಸ ಖಾಯಂ ಆಗುತ್ತದೆಂದು ನಿಜವಾಗಿಯೂ ನಕ್ಕೆ ಕಣ್ರೀ. ಆ ನಗುವನ್ನೇ ನೀವು ಮತಯಂತ್ರಕ್ಕೆ ಅಂಟಿಸಿದಿರಿ.

ಮರುದಿನ ಲಾಂಡ್ರಿಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದೆ. ಮೊದಲನೆಯದನ್ನು ಕೊಟ್ಟದ್ದು ನಮ್ಮನ್ನು ನೋಡಲು ಬಂದಿದ್ದ ನರ್ಸಕ್ಕನಿಗೆ. "ಅಂತೂ ದೇವ್ರು ಕಣ್ಬಿಟ್ಟ" ಎಂದು ಅವರು ನನ್ನ ಕೆನ್ನೆ ಹಿಂಡಿದರು.

ನರ್ಸಕ್ಕ ಮತ್ತು ನಾನು ಹೆಸರಿನಲ್ಲಿ ಒಂದೇ ಎಂದು ನಿಮಗೆ ಗೊತ್ತು. ಹೆಸರಿನ ಹಿಂದಿನ ಇನಿಷಿಯಲ್ಲೂ ಒಂದೇ. ಯಾರಾದರೂ ಹೆಸರು ಹಿಡಿದು ಕೂಗಿದರೆ ಇಬ್ಬರೂ 'ಆಂ' ಎನ್ನುತ್ತಿದ್ದೆವು. ಅದಕ್ಕೇ ಆಸ್ಪತ್ರೆಯವರು ಅವರನ್ನು ವಾರ್ಡಕ್ಕ, ನನ್ನನ್ನು ಲಾಂಡ್ರಕ್ಕ ಮಾಡಿದರು. ನಮ್ಮ ಮಗಳನ್ನು ಎತ್ತಿ ನಿಮ್ಮ ಕೈಗೆ ಕೊಟ್ಟವರು ಅವರೇ. ಆ ದಿನ ಅವರ ಕಾಲಿಗೆ ಬೀಳಲು ಹೋದಿರಿ, ಅವರು ಬೈದು ಎಬ್ಬಿಸಿದರು. ಅದಾದರೂ ನೆನಪಿದೆಯೋ, ಅದನ್ನೂ ಸಾಹೇಬರಿಗೆ ಬರೆದುಕೊಟ್ಟಿರೋ?

ಹೆರಿಗೆ ವಾರ್ಡು ಮುಚ್ಚಿದ್ದು ನನಗೆ ಗೊತ್ತಾದದ್ದು ನೋಟಿಸಿನಿಂದಲ್ಲ. ತೊಟ್ಟಿಲಿನ ಸಣ್ಣ ದುಪ್ಪಟಿಗಳು ಒಗೆಯಲು ಬರುವುದು ನಿಂತುಹೋಯಿತು. ಎರಡು ದಿನ ನೋಡಿ, ಮೂರನೆಯ ದಿನ ಮೇಲೆ ಹೋದೆ. ಮಂಚಗಳನ್ನು ಲಾರಿಗೆ ಏರಿಸುತ್ತಿದ್ದರು. ದೊಡ್ಡ ಊರಿನಲ್ಲಿ ಹೊಸ ಆಸ್ಪತ್ರೆ ಕಟ್ಟಿದ್ದಾರೆ, ಇನ್ನು ಎಲ್ಲ ಅಲ್ಲೇ ಎಂದರು. ಅದರ ರಿಬ್ಬನ್ ಕತ್ತರಿಸಿದವರು ನಿಮ್ಮ ಸಾಹೇಬರು. ಅಲ್ಲಿಗೆ ಹೋಗಲು ಎರಡು ಬಸ್ಸು ಬದಲಿಸಬೇಕು, ನಡುವೆ ಘಾಟಿ ಇಳಿಯಬೇಕು. ನೋವು ಬಂದ ಹೆಂಗಸು ಬಸ್ಸು ಬದಲಿಸುತ್ತಾಳೆಯೇ ಎಂದು ಕೇಳಿದವರು ನರ್ಸಕ್ಕ ಒಬ್ಬರೇ. ಕೇಳಿದ್ದಕ್ಕೆ ಅವರನ್ನು ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಗೆ ಹಾಕಿದರು.

ಆ ಚಳಿಗಾಲದಲ್ಲೇ ನಿಮ್ಮ ತಂಗಿಗೆ ಘಾಟಿಯ ತಿರುವಿನಲ್ಲಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಹೆರಿಗೆಯಾಯಿತು. ಕೂಸು ಅಳಲಿಲ್ಲ. ನಾನು ಅವಳ ತಲೆ ಹಿಡಿದುಕೊಂಡು ಕೂತಿದ್ದೆ. ಕಾರು ಓಡಿಸುತ್ತಿದ್ದವರು ನೀವು. ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಂಡು, "ಈ ವಾರ್ಡು ಮುಚ್ಚಿಸಿದವ್ನ ವಂಶ ನಾಶವಾಗ್ಲಿ" ಎಂದವರೂ ನೀವೇ. ಅವಳ ಗಂಡನ ಮನೆಯವರು ಆಮೇಲೆ ಅವಳನ್ನು ಕರೆಸಿಕೊಳ್ಳಲಿಲ್ಲ, ನಮ್ಮ ಒಳಕೋಣೆಯಲ್ಲೇ ಉಳಿದಳು. ನೀವು ಮೂರೇ ತಿಂಗಳಲ್ಲಿ ಆ ನಾಶವಾಗಬೇಕಾದವರ ವ್ಯಾನಿನ ಸ್ಟಿಯರಿಂಗ್ ಹಿಡಿದು ಕೂತಿರಿ. ಹೊಟ್ಟೆಪಾಡು ಎಂದಿರಿ. ನಾನೂ ಒಪ್ಪಿಕೊಂಡೆ. ಹೊಟ್ಟೆ ಎಲ್ಲರಿಗೂ ಇದೆ.

ನರ್ಸಕ್ಕ ಕೆಲಸಕ್ಕೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತಾಗ ಪೇಟೆಯಲ್ಲಿ ನಕ್ಕರು. ಆಮೇಲೆ ಅವರು ಎತ್ತಿದ ಮಕ್ಕಳ ತಾಯಂದಿರು ಒಬ್ಬೊಬ್ಬರಾಗಿ ಬೀದಿಗೆ ಬಂದರು, ನಗು ನಿಂತಿತು. ಸಾಹೇಬರ ಕಡೆಯವರಿಗೆ ಬಿಸಿ ತಟ್ಟಿತು. ಗೆಲ್ಲುವ ದಾರಿ ಹುಡುಕುತ್ತ ಹುಡುಕುತ್ತ ಅವರು ನನ್ನ ಹೆಸರಿಗೆ ಬಂದು ಮುಟ್ಟಿದರು. ದಾರಿ ತೋರಿಸಿದವರು ಯಾರು ಎಂದು ನಾನು ಬರೆಯಬೇಕಾಗಿಲ್ಲ.

ಅಂದು ನಾನು ಇಸ್ತ್ರಿ ಯಂತ್ರದ ಉರುಳೆಗೆ ದುಪ್ಪಟಿ ಕೊಡುತ್ತಿದ್ದೆ. ಕೋಣೆ ತುಂಬ ಹಬೆ. ನರ್ಸಕ್ಕ ಬಾಗಿಲಲ್ಲಿ ಬಂದು ನಿಂತರು, ಒಳಗೆ ಬರಲಿಲ್ಲ.

"ನೀನೂ ನಿಲ್ತೀಯ ಅಂತ ಒಂದ್ಮಾತು ಹೇಳ್ಬಹುದಿತ್ತು" ಎಂದರು.

"ನಿಂತೇ ಇದೀನಲ್ಲಕ್ಕ, ಬೆಳಿಗ್ಗೆಯಿಂದ ಕೂತಿಲ್ಲ" ಎಂದೆ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಅವರು ನಗಲಿಲ್ಲ. "ನಿಂಗೆ ಲೋಟದ ಗುರುತು ಕೊಟ್ಟಿದ್ದಾರೆ. ನಂದು ಗಂಟೆ. ಗಂಟೆ ಬೋರಲು ಹಾಕಿದ್ರೆ ಲೋಟ, ಲೋಟ ಬೋರಲು ಹಾಕಿದ್ರೆ ಗಂಟೆ. ಹೆಸ್ರು ಒಂದೇ, ಒಂದರ ಕೆಳಗೊಂದು. ಚೆನ್ನಾಗಿ ಯೋಚ್ನೆ ಮಾಡಿದ್ದೀರ ಗಂಡ ಹೆಂಡ್ತಿ."

ಹಾಗೆಂದು ಹೋಗಿಬಿಟ್ಟರು. ಕೈಯಲ್ಲಿದ್ದ ದುಪ್ಪಟಿ ಉರುಳೆಗೆ ಸಿಕ್ಕಿ ಸುಟ್ಟ ವಾಸನೆ ಬಂದ ಮೇಲೆ ನನಗೆ ಎಚ್ಚರವಾಯಿತು. ಏಪ್ರನ್ ಬಿಚ್ಚದೆ ಚುನಾವಣಾ ಕಚೇರಿಗೆ ಓಡಿದೆ. ಹೊರಗೋಡೆಯ ಮೇಲೆ ಅಭ್ಯರ್ಥಿಗಳ ಫೋಟೋ ಸಾಲಾಗಿತ್ತು. ನರ್ಸಕ್ಕನ ಕೆಳಗೆ ನಾನು, ಹಲ್ಲು ಬಿಟ್ಟುಕೊಂಡು.

ಅಧಿಕಾರಿ ಒಳ್ಳೆಯವರೇ. "ನಾಮಪತ್ರ ವಾಪಸ್ ತಗೊಳ್ಳೋ ಗಡುವು ನಿನ್ನೆ ಸಂಜೆಗೇ ಮುಗೀತಮ್ಮ" ಎಂದರು.

"ಸಾರ್, ನಾನು ನಿಂತೇ ಇಲ್ಲ."

"ನಿಂತಿದ್ದೀರಮ್ಮ. ಸಹಿ ನಿಮ್ದೇ ಅಲ್ವಾ?"

ನನ್ನದೇ. ಉದ್ದದ ಬಾಲ ಎಳೆದು ಹಾಕಿದ ನನ್ನದೇ ಸಹಿ. "ಈಗ ಏನೂ ಮಾಡೋಕಾಗಲ್ಲ. ಕೂತ್ಕೊಳ್ಳಿ, ನೀರು ಕುಡೀರಿ" ಎಂದರು. ಕೂರಲಿಲ್ಲ. ಹೊರಗೆ ಬಂದು ನಿಮಗೆ ಫೋನು ಮಾಡಿದೆ. ನಿಮ್ಮ ಹಿಂದೆ ಮೈಕು ಅರಚುತ್ತಿತ್ತು. ನಾನು ಇನ್ನೂ ಅಳುತ್ತಿರುವಾಗಲೇ ನೀವು ಹೇಳಿದ ಮಾತು ಇದು: "ನೀನೇನೂ ಮಾಡ್ಬೇಕಾಗಿಲ್ಲ. ಬಾಯಿ ಮುಚ್ಕೊಂಡು ಮನೇಲಿರು. ಸುಮ್ನಿರೋದೇ ನಿನ್ನ ಕೆಲ್ಸ. ಅಷ್ಟೂ ಆಗಲ್ವಾ?"

ಆಗಲಿಲ್ಲ ನೋಡಿ.

ಆ ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾನು ಗೊಣಗುತ್ತ, ಪಾತ್ರೆ ಕುಕ್ಕುತ್ತ ಇದ್ದೆ. ನಿಮ್ಮ ತಂಗಿ ಒಳಕೋಣೆಯಿಂದ ಎದ್ದು ಬಂದಳು. ಹೆರಿಗೆಯಾದ ಮೇಲೆ ಅವಳಾಗಿಯೇ ಎದ್ದು ಬಂದು ನನ್ನ ಎದುರು ಕೂತದ್ದು ಅದೇ ಮೊದಲು. "ಅತ್ತಿಗೆ, ನಿಮ್ಗೆ ವೋಟು ಹಾಕ್ಬೇಡಿ ಅಂತ ನೀವೇ ಹೇಳ್ಬಹುದಲ್ಲ? ನಾನೂ ಬರ್ತೀನಿ" ಎಂದಳು. ಮೂಗು ಒರೆಸಿಕೊಂಡು ಅವಳ ಮುಖ ನೋಡಿದೆ. ಅವಳು ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದಳು.

ಮರುದಿನ ನರ್ಸಕ್ಕನ ಮನೆಗೆ ಹೋದೆವು. ಅವರು ಒಳಗೆ ಕರೆದರು, ಕಾಫಿಯನ್ನೂ ಕೊಟ್ಟರು, ಆದರೆ ಮೊದಲಿನ ಹಾಗೆ ಮೈಗೆ ಮೈ ತಾಗಿಸಿ ಕೂರಲಿಲ್ಲ. "ನಿನ್ನ ನಂಬ್ಲೋ ಬೇಡ್ವೋ, ನಂಗೊತ್ತಾಗ್ತಿಲ್ಲ. ಇದೂ ಅವರ ಆಟದ ಒಂದು ಭಾಗ ಇದ್ರೆ?" ಎಂದರು. ಹನ್ನೆರಡು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನನ್ನನ್ನು ಹಾಗೆ ಕೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದೆಲ್ಲ ನಿಮ್ಮ ಲೆಕ್ಕಕ್ಕೇ ಸೇರಿತು. "ನಂಬ್ಬೇಡಿ ಅಕ್ಕ, ಬೀದಿಗೆ ಬಂದು ನೋಡಿ" ಎಂದು ಎದ್ದು ಬಂದೆ.

ಲಾಂಡ್ರಿಗೆ ರಜೆ ಹಾಕಿದೆ. ಮಾರ್ಕೆಟ್ಟಿನ ಎದುರು ತರಕಾರಿ ಪೆಟ್ಟಿಗೆ ಬೋರಲು ಹಾಕಿ ಹತ್ತಿ ನಿಂತೆ. ನಿಮ್ಮ ತಂಗಿ ಮೈಕು ಹಿಡಿದಿದ್ದಳು. "ಅಣ್ಣಂದಿರೇ, ಅಕ್ಕಂದಿರೇ, ಲೋಟದ ಗುರುತಿನ ಅಭ್ಯರ್ಥಿ ನಾನೇ. ದಯವಿಟ್ಟು ನಂಗೆ ವೋಟು ಹಾಕ್ಬೇಡಿ. ನನ್ನ ಮೋಸದಿಂದ ನಿಲ್ಲಿಸಿದ್ದಾರೆ. ನಿಜವಾದ ನರ್ಸಕ್ಕನ ಗುರುತು ಗಂಟೆ. ಮೇಲಿನದು ಒತ್ತಿ, ಕೆಳಗಿನದು ಬಿಡಿ" ಎಂದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಶುರುವಾಯಿತು. ನಗಲಿ ಎಂದು ಮತ್ತೆ ಹೇಳಿದೆ, ಮತ್ತೆ ಮತ್ತೆ ಹೇಳಿದೆ.

ಮೀನಿನ ಸಾಲಿನಲ್ಲಿ ಒಬ್ಬ ಮುದುಕ ನನ್ನ ಕೈ ಹಿಡಿದುಕೊಂಡು, "ಐವತ್ತು ವರ್ಷದಿಂದ ವೋಟು ಹಾಕ್ತಿದ್ದೀನಮ್ಮ. ಬೇಡ ಅಂದೋಳು ನೀನೊಬ್ಳೇ. ನಿಂಗೇ ಹಾಕ್ತೀನಿ ಹೋಗು" ಎಂದ. "ತಾತಾ, ನಂಗೆ ಹಾಕಿದ್ರೆ ನಿಮ್ಮ ಮನೆ ಬಾಗಿಲಿಗೆ ಬಂದು ಊಟ ಬಿಟ್ಟು ಕೂರ್ತೀನಿ ನೋಡಿ" ಎಂದು ಗದರಿಸಿದೆ. ಅವನು ಹಾಗೆ ಹೇಳಿದ್ದರಿಂದ ಹೆದರಿ ಅಲ್ಲಿಂದಾಚೆ ಮುಖ ಗಂಟಿಕ್ಕಿಕೊಂಡೇ ಮಾತಾಡಿದೆ, ಯಾರಿಗೂ ಇಷ್ಟವಾಗಬಾರದು ಎಂದು. ಅಂಥ ಪ್ರಚಾರ ಯಾರೂ ಮಾಡಿರಲಿಕ್ಕಿಲ್ಲ.

ನಾಲ್ಕನೆಯ ದಿನ ನಿಮ್ಮ ಜೊತೆಯವರು ಜೀಪಿನಲ್ಲಿ ಬಂದರು. ಒಬ್ಬ ಮೈಕಿನ ವೈರು ಕಿತ್ತ. ಇನ್ನೊಬ್ಬ ಹಲ್ಲು ಕಡಿಯುತ್ತ, "ಅತ್ತಿಗೆ, ಅಣ್ಣನ ಮಾನ ಯಾಕೆ ಬೀದೀಲಿ ಹರಾಜು ಹಾಕ್ತೀರ?" ಎಂದ. ಮಾನ! ಅಲ್ಲೇ ಇದ್ದ ಕಾನ್‌ಸ್ಟೇಬಲ್ಲು ಲಾಠಿ ತಟ್ಟುತ್ತ ಬಂದು, "ಏಯ್, ಅವ್ರು ಅಭ್ಯರ್ಥಿ ಕಣ್ರಯ್ಯ. ಅಭ್ಯರ್ಥಿ ಪ್ರಚಾರಕ್ಕೆ ಅಡ್ಡಿ ಮಾಡಿದ್ರೆ ಒಳಗೆ ಹಾಕ್ತೀನಿ" ಎಂದರು.

"ಅವ್ಳು ಅವಳ ವಿರುದ್ಧಾನೇ ಪ್ರಚಾರ ಮಾಡ್ತಿದ್ದಾಳಲ್ಲ ಸಾರ್!"

"ಅದು ಅವ್ರಿಷ್ಟ. ವೈರು ಜೋಡಿಸಿ ಕೊಟ್ಟು ಹೋಗು."

ಜೋಡಿಸಿ ಕೊಟ್ಟೇ ಹೋದರು. ಅಂದು ಸಂಜೆ ನರ್ಸಕ್ಕ ತಾವಾಗಿ ಬಂದು ಪೆಟ್ಟಿಗೆಯ ಮೇಲೆ ನನ್ನ ಪಕ್ಕದಲ್ಲಿ ನಿಂತರು. ಪೆಟ್ಟಿಗೆ ಇಬ್ಬರಿಗೆ ಸಾಲದು, ಅವರು ನನ್ನ ಸೊಂಟ ಹಿಡಿದುಕೊಂಡಿದ್ದರು. "ನೋಡ್ಕೊಳ್ಳಿ, ಇವಳು ಲಾಂಡ್ರಿ, ನಾನು ವಾರ್ಡು" ಎಂದರು. ಆ ಜನ ಹೊಡೆದ ಚಪ್ಪಾಳೆ ನಿಮ್ಮ ಸಾಹೇಬರಿಗೆ ಈ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಆದರೆ ಸಂಸತ್ತಿನ ಕ್ಷೇತ್ರ ಎಂದರೆ ನಮ್ಮ ಮಾರ್ಕೆಟ್ಟಿನಷ್ಟೇ ಅಲ್ಲವಲ್ಲ. ಈ ತುದಿಯಲ್ಲಿ ಬೆಳಗಿನ ಬಸ್ಸು ಹತ್ತಿದರೆ ಬಂದರಿನ ತುದಿ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತದೆ. ನಡುವೆ ಕಲ್ಲುಗಣಿಗಳು, ಗಿರಣಿಯ ಊರು, ಹೊಳೆಯಾಚೆಯ ಹಳ್ಳಿಗಳು. ಗಿರಣಿಯ ಊರಿನವರೆಗೆ ಹೋದೆವು. ಗಂಟಲು ಕಟ್ಟಿ ನನ್ನ ದನಿ ಕಪ್ಪೆಯ ಹಾಗಾಗಿತ್ತು. ಬಂದರಿನ ಕಡೆಗೆ ಹೊರಡುವ ದಿನ ಪ್ರಚಾರದ ಅವಧಿ ಮುಗಿಯಿತು. ಅಲ್ಲಿ ನೀವಿದ್ದಿರಿ. ನಾವು ಮುಟ್ಟದ ಊರುಗಳಲ್ಲಿ ನಿಮ್ಮ ವ್ಯಾನು ತಿರುಗಿ, ನರ್ಸಕ್ಕನ ಗುರುತು ಲೋಟ ಎಂದು ಮೈಕಿನಲ್ಲಿ ಕೂಗಿತು ಎಂದು ಆಮೇಲೆ ಗೊತ್ತಾಯಿತು. ಕೂಗಿದ ದನಿ ಯಾರದೆಂದೂ ಗೊತ್ತಾಯಿತು. ಮಗಳಿಗೆ ಜೋಗುಳ ಹಾಡಿದ ದನಿ ಅದು.

ಮತದಾನದ ದಿನ ಯಂತ್ರದ ಮುಂದೆ ನಿಂತೆ. ಮದುವೆಯ ಕರೆಯೋಲೆ ಬಿಟ್ಟರೆ ನನ್ನ ಹೆಸರು ಅಚ್ಚಾಗಿ ನೋಡಿದ್ದು ಅದೇ ಮೊದಲು. ಬೆರಳು ಒಂದು ಕ್ಷಣ ಅದರ ಮೇಲೆ ನಿಂತಿತು. ಎಷ್ಟು ಅಂದವಾಗಿತ್ತು ಗೊತ್ತೇ? ಬೇರೆ ಯಾವುದಾದರೂ ರೀತಿಯಲ್ಲಿ ಅಲ್ಲಿಗೆ ಬಂದಿದ್ದರೆ ಎಂದು ಅನಿಸಿತು. ಆಮೇಲೆ ಗಂಟೆ ಒತ್ತಿ ಹೊರಗೆ ಬಂದೆ. ಅಷ್ಟು ಆಸೆಪಡುವ ಒಂದು ಜಾಗ ನನ್ನೊಳಗೆ ಇತ್ತು ಎಂದು ನನಗೇ ಗೊತ್ತಿರಲಿಲ್ಲ. ಅದನ್ನು ಕೂಡ ನೀವು ಕೊಳಕು ಮಾಡಿದಿರಿ.

ಎಣಿಕೆಯ ದಿನ ಅಭ್ಯರ್ಥಿ ಎಂದು ನನಗೂ ಒಳಗೊಂದು ಕುರ್ಚಿ ಹಾಕಿದ್ದರು. ಮಧ್ಯಾಹ್ನದವರೆಗೆ ನರ್ಸಕ್ಕ ಮುಂದಿದ್ದರು. ನಾವು ಹೋದ ಊರುಗಳಲ್ಲಿ ಲೋಟಕ್ಕೆ ಬಿದ್ದದ್ದು ಬೆರಳೆಣಿಕೆಯಷ್ಟು. ಬಂದರಿನ ಕಡೆಯ ಯಂತ್ರಗಳನ್ನು ತೆರೆದ ಮೇಲೆ ಲೋಟ ತುಂಬತೊಡಗಿತು. ಪ್ರತಿ ಸಲ ಮೈಕಿನಲ್ಲಿ ನನ್ನ ಸಂಖ್ಯೆ ಏರಿದಾಗಲೂ ಯಾರೋ ನನ್ನ ಬೆನ್ನಿಗೆ ಗುದ್ದಿದ ಹಾಗಾಗುತ್ತಿತ್ತು. ಕೊನೆಗೆ ನರ್ಸಕ್ಕ ಸೋತದ್ದು ಎರಡು ಸಾವಿರ ಚಿಲ್ಲರೆಯಿಂದ. ನನಗೆ ಬಿದ್ದದ್ದು ಒಂಬತ್ತು ಸಾವಿರ.

ಆಗ ನೀವು ಸಾಹೇಬರ ಹಿಂದೆ ಒಳಗೆ ಬಂದಿರಿ. ಚಪ್ಪಾಳೆ ತಟ್ಟುತ್ತಿದ್ದಿರಿ. ನನ್ನನ್ನು ನೋಡಿದಿರಿ, ಚಪ್ಪಾಳೆ ನಿಲ್ಲಿಸಲಿಲ್ಲ, ಮುಖ ಮಾತ್ರ ಆಚೆ ತಿರುಗಿಸಿದಿರಿ. ಕೈ ತಟ್ಟುತ್ತಲೇ ಇತ್ತು. ಮದುವೆಯಾದಾಗಿನಿಂದ ನಿಮ್ಮ ಕೈಯನ್ನು ಎಷ್ಟೋ ಸಲ ನೋಡಿದ್ದೇನೆ. ಅಂದು ಅದು ಯಾರದೋ ಕೈ ಎನಿಸಿತು.

ನರ್ಸಕ್ಕ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಬಂದರಿನ ಕಡೆಗೆ ಇನ್ನೊಂದು ವಾರ ಸಿಕ್ಕಿದ್ರೆ ಸಾಕಿತ್ತು ಕಣೇ" ಎಂದು ಹೇಳಿ, ಸೆರಗಿನಿಂದ ನನ್ನ ಮುಖ ಒರೆಸಿದರು. ಬೈದಿದ್ದರೆ, ಎರಡೇಟು ಹೊಡೆದಿದ್ದರೆ, ನಾನು ಅಷ್ಟು ಅಳುತ್ತಿರಲಿಲ್ಲ.

ಇನ್ನು ನಿಮ್ಮ ಕಾಗದದ ಮೂರನೆಯ ಪುಟಕ್ಕೆ ಬರುತ್ತೇನೆ. "ಒಂಬತ್ತು ಸಾವಿರ ವೋಟು ತಗೊಂಡಿದ್ದೀಯ, ಸಾಹೇಬರು ನಿನ್ನನ್ನು ಬಹಳ ಮೆಚ್ಚಿಕೊಂಡರು" ಎಂದು ಬರೆದಿದ್ದೀರಿ. ಇದನ್ನು ಬರೆಯುವಾಗ ಪೆನ್ನು ಮುರಿಯಲಿಲ್ಲವೇ? ಆ ಒಂಬತ್ತು ಸಾವಿರ ಜನ ನರ್ಸಕ್ಕನನ್ನು ನಂಬಿ ಬಂದವರು. ಹೆರಿಗೆಗೆ ಹತ್ತಿರದಲ್ಲೊಂದು ಮಂಚ ಬೇಕು ಎಂದು ಕೇಳಲು ಬಂದವರು. ಅವರ ಕೈ ಹಿಡಿದು ತಪ್ಪು ಬಾಗಿಲಿಗೆ ತಳ್ಳಿದಿರಿ, ಬಾಗಿಲಿಗೆ ನನ್ನ ಮುಖ ಅಂಟಿಸಿದಿರಿ. ನೀವು ಕುಡಿಯುವವರಾಗಿದ್ದರೆ, ಹೊಡೆಯುವವರಾಗಿದ್ದರೆ, ನಾಲ್ಕು ಜನರೆದುರು ಹೇಳಿಕೊಳ್ಳಬಹುದಿತ್ತು. ನೀವು ಒಳ್ಳೆಯ ಗಂಡ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು.

ಕಳೆದ ವಾರ ಗಣಿಯ ಕಡೆಯ ಒಬ್ಬ ಹುಡುಗಿಯನ್ನು ನೋವು ಬಂದಾಗ ನಮ್ಮ ಆಸ್ಪತ್ರೆಗೇ ತಂದರು. ವಾರ್ಡಿಗೆ ಬೀಗ. ಕಾವಲಿನವನು ಕೈ ಮುಗಿದು ದೊಡ್ಡ ಊರಿಗೆ ಹೋಗಿ ಎಂದ. ನರ್ಸಕ್ಕನಿಗೆ ಈಗ ಆಸ್ಪತ್ರೆಯೊಳಗೆ ಕಾಲಿಡುವ ಅಧಿಕಾರವಿಲ್ಲ. ಆದರೂ ಹೇಳಿ ಕಳಿಸಿದೆ, ಬಂದರು. ಲಾಂಡ್ರಿಯ ಬಟ್ಟೆ ಮಡಚುವ ಮೇಜಿನ ಮೇಲೆ, ಆಗ ತಾನೇ ಇಸ್ತ್ರಿಯಾದ ದುಪ್ಪಟಿ ಹಾಸಿ, ಹೆರಿಗೆ ಮಾಡಿಸಿದರು. ಗಂಡು ಮಗು. ಗೋಡೆ ಅದುರುವ ಹಾಗೆ ಅತ್ತಿತು. ನರ್ಸಕ್ಕನ ಜೊತೆಗೆ ಬಂದಿದ್ದ ನಿಮ್ಮ ತಂಗಿ ಅದನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ತಾಯಿಗೆ ಕೊಟ್ಟಳು. ಕೊಟ್ಟವಳು ಹಬೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಲಿನವರು ನನಗೆ ಮೆಮೊ ಕೊಟ್ಟಿದ್ದಾರೆ. ಕೆಲಸ ಹೋಗಬಹುದು. ಹೋಗಲಿ.

ನಿಮ್ಮ ಹೇಳಿಕೆಗೆ ಸಹಿ ಹಾಕುವುದಿಲ್ಲ. ನಿಮ್ಮ ಕ್ವಾರ್ಟರ್ಸಿಗೆ ಬರುವುದಿಲ್ಲ. ಮಗಳು ನಿಮ್ಮನ್ನು ಕೇಳುತ್ತಾಳೆ, ಸುಳ್ಳು ಹೇಳುವುದಿಲ್ಲ, ಕೇಳುತ್ತಾಳೆ. ಅವಳಿಗೆ ಬೇರೆಯಾಗಿ ಬರೆಯಿರಿ, ಓದಿಸುತ್ತೇನೆ. ಅವಳ ಅಪ್ಪನನ್ನು ನಾನು ಅವಳ ಎದುರು ಬೈದಿಲ್ಲ. ಬೈಯಬೇಕಾದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ, ಇದನ್ನು ಅವಳಿಗೆ ತೋರಿಸುವುದಿಲ್ಲ. ನೀವಾದರೂ ಹರಿದು ಹಾಕದೆ ಇಟ್ಟುಕೊಳ್ಳಿ.

ಇಷ್ಟು ಬರೆದವಳು,
ನಿಮ್ಮ ಮಗಳ ತಾಯಿ

ಮರೆತಿದ್ದೆ: ನಿಮ್ಮ ಸಾಹೇಬರು ಈ ಹೇಳಿಕೆಗೆ ಯಾಕೆ ಇಷ್ಟು ಅವಸರ ಮಾಡುತ್ತಿದ್ದಾರೆ ಎಂದು ನಿಮಗೆ ತಿಳಿಸಿರಲಿಕ್ಕಿಲ್ಲ. ಫಲಿತಾಂಶ ರದ್ದು ಮಾಡಿ ಎಂದು ಸೋತ ಅಭ್ಯರ್ಥಿಯೂ ಕೋರ್ಟಿಗೆ ಹೋಗಬಹುದಂತೆ. ನಾನೂ ಸೋತ ಅಭ್ಯರ್ಥಿಯೇ ತಾನೆ? ಸೋಮವಾರ ಅರ್ಜಿ ಹಾಕಿದೆ. ಮೊದಲ ಸಾಕ್ಷಿ ನಿಮ್ಮ ತಂಗಿ. ನಾನು ಸಹಿ ಹಾಕಿ ಬಸ್ಸಿಗೆ ಓಡಿದ ಮೇಲೆ, ತಂಗಿ ನಿದ್ದೆಯಲ್ಲಿದ್ದಾಳೆ ಎಂದುಕೊಂಡು ನೀವು ಸಾಹೇಬರಿಗೆ ಫೋನು ಮಾಡಿದಿರಿ. ಅವಳು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಎಚ್ಚರವಾಗಿಯೇ ಮಲಗಿದ್ದಳು. ಒಡಹುಟ್ಟಿದ ಅಣ್ಣ ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಆ ಮಗು ಅತ್ತ ದಿನ ಸಂಜೆ ಎಲ್ಲವನ್ನೂ ಹೇಳಿದಳು. ನೀವು ಅಂದದ್ದು ಇಷ್ಟಂತೆ: "ಹಾಕಿಸ್ದೆ ಸಾರ್. ಓದ್ಲಿಲ್ಲ, ಓದಲ್ಲ. ನನ್ನ ಅಷ್ಟು ನಂಬ್ತಾಳೆ." ಇದನ್ನು ಕೋರ್ಟಿನಲ್ಲಿ ಹೇಳುವಾಗ ಅಣ್ಣ ಎದುರಿಗೇ ನಿಂತಿರಬೇಕು ಎಂಬುದೊಂದೇ ಅವಳ ಕೋರಿಕೆ. ಬನ್ನಿ.